ನೂಲಿಲ್ಲದ ವೈರು

ಚಳಿ ಇಳಿದು ಬಿಸಿಲು ಇನ್ನೂ ಚುರುಕಾಗದ ದಿನಗಳು. ಬೆಳಗಿನ ಕೆಲಸ ಮುಗಿದಿತ್ತು, ಮಧ್ಯಾಹ್ನದ ಅಡುಗೆಗೆ ಇನ್ನೂ ಹೊತ್ತಿತ್ತು. ಅಂಥ ಹೊತ್ತಿನಲ್ಲಿ ಮಾಸ್ಟರು ಮಗಳ ಕೋಣೆಯ ನೆಲಕ್ಕೆ ಹಳೇ ಬೆಡ್‌ಶೀಟು ಹಾಸಿ, ಅದರ ಮೇಲೆ ಕಂಪ್ಯೂಟರಿನ ಕ್ಯಾಬಿನೆಟ್ಟನ್ನು ಮಗುವನ್ನು ಮಲಗಿಸಿದ ಹಾಗೆ ಮಲಗಿಸಿದರು. ಶುರುವಾದದ್ದು ಅಲ್ಲಿಂದ.

ಮಾಸ್ಟರು ಅಂದರೆ ಪಾಠ ಹೇಳುವ ಮಾಸ್ಟರಲ್ಲ, ಬಟ್ಟೆ ಹೊಲಿಯುವ ಮಾಸ್ಟರು. ಅವರು ಶಾಲೆಗೆ ಹೋದದ್ದಕ್ಕಿಂತ ಶಾಲೆಯ ಮುಂದೆ ಹಾದುಹೋದದ್ದೇ ಹೆಚ್ಚು. ಆಯಸ್ಸಿನ ಬಹುಪಾಲನ್ನು ಒಂದು ದೊಡ್ಡ ಬಟ್ಟೆ ಕಾರ್ಖಾನೆಯಲ್ಲಿ, ಸಾಲುಸಾಲು ಮಿಷನ್ನುಗಳ ನಡುವೆ ಕೂತು ಕಳೆದವರು. ಆ ಸದ್ದು ಅವರ ಕಿವಿಯನ್ನು ತಿಂದುಹಾಕಿತ್ತು. ಎದುರಿಗೆ ನಿಂತು ಗಟ್ಟಿಯಾಗಿ ಹೇಳಿದರೆ ಕೇಳುವುದು, ಗೋಡೆಯಾಚೆಯ ಮಾತು ಅವರ ಪಾಲಿಗಿರಲಿಲ್ಲ. ಈಗ ಮನೆಯ ಹಜಾರದಲ್ಲೇ ಒಂದು ಮಿಷನ್ನು ಇಟ್ಟುಕೊಂಡು ಅಕ್ಕಪಕ್ಕದವರ ಜಿಪ್ಪು, ಗುಂಡಿ, ಅಂಚು ರಿಪೇರಿ ಮಾಡುತ್ತಿದ್ದರು. ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆಯಲ್ಲಿದ್ದದ್ದು ತಂದೆ, ಮಗಳು ಇಬ್ಬರೇ.

ಮಗಳದು ಕಂಪ್ಯೂಟರ್ ಜೋಡಿಸುವ ಅಂಗಡಿ. ಪಾಲುದಾರನೊಬ್ಬನಿದ್ದ, ದಪ್ಪ ಆಸಾಮಿ. ಎಲ್ಲಿ ಕೆಲಸ ಮಾಡಿದರೂ ಕೊನೆಗೆ ಒಂದು ಸ್ಕ್ರೂ ಉಳಿಸಿಕೊಂಡು ಬರುತ್ತಿದ್ದ ಅನ್ನುವ ಕಾರಣಕ್ಕೆ ಅವನಿಗೆ ಸ್ಕ್ರೂ ಅಂತಲೇ ಹೆಸರು ಬಿದ್ದಿತ್ತು. ಅಂಗಡಿ ಚೆನ್ನಾಗಿ ನಡೆಯುತ್ತಿರುವಾಗಲೇ ಮಗಳ ಕೈಯಿಂದ ಸ್ಕ್ರೂಡ್ರೈವರು ಜಾರಿ ಬೀಳತೊಡಗಿತು. ಮೊದಲು ಕೈ, ಆಮೇಲೆ ಕಾಲು, ಆಮೇಲೆ ನಾಲಿಗೆ, ಕೊನೆಗೆ ಉಸಿರು ಎಂದು ಡಾಕ್ಟರು ಬಸ್ಸಿನ ಸ್ಟಾಪುಗಳನ್ನು ಹೇಳಿದ ಹಾಗೆ ಹೇಳಿದರು. ತಲೆ ಮಾತ್ರ ಕಡೇತನಕ ಚೆನ್ನಾಗಿರುತ್ತದೆ ಎಂದದ್ದನ್ನು ಸಮಾಧಾನದ ಮಾತಿನ ಹಾಗೆ ಆಡಿದರು. ಮಾಸ್ಟರಿಗೆ ಎಲ್ಲಕ್ಕಿಂತ ಹೆಚ್ಚು ಎದೆಗೆ ನಾಟಿದ್ದು ಆ ಮಾತೇ.

ಅವಳ ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿದ್ದರೂ ನಾಲಿಗೆ ಇನ್ನೂ ತಿರುಗುತ್ತಿದ್ದ ದಿನಗಳಲ್ಲಿ ಒಮ್ಮೆ ಅವಳೇ ಮಾತು ತೆಗೆದಳು.

"ಅಪ್ಪ, ನಂಗೆ ಸಾಯೋಕೆ ಅಷ್ಟೇನು ಭಯ ಇಲ್ಲ. ನಾನು ಕರೀತಾ ಇರ್ತೀನಿ, ನಿಂಗೆ ಗೊತ್ತೇ ಆಗ್ದೆ ಹೋದ್ರೆ? ಅದೊಂದೇ ಭಯ."

"ಒಂದು ಬೆಲ್ಲು ಇಡೋಣ ಮರಿ. ಒತ್ತಿದ ತಕ್ಷಣ ಬರ್ತೀನಿ."

"ನಿನ್ನ ಕಿವಿ ನಂಬಿ ಬೆಲ್ಲು ಇಟ್ರೆ ಪಕ್ಕದ ಮನೆಯವ್ರು ಬರ್ತಾರೆ, ನೀನು ಬರಲ್ಲ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ಹೇಳಿದಳು: "ನಿಂಗೆ ಕಿವಿ ಇಲ್ಲ, ಕಣ್ಣಿದೆ. ಸೂಜಿಗೆ ಇವತ್ತಿಗೂ ಕನ್ನಡಕ ಇಲ್ದೆ ದಾರ ಹಾಕ್ತೀಯ. ಬಣ್ಣದಲ್ಲಿ ಕರೀತೀನಿ."

ಹಾಗೆ ಬಂದವು ಆ ಬಣ್ಣದ ಫ್ಯಾನುಗಳು. ಕಂಪ್ಯೂಟರಿನ ಹೊಟ್ಟೆಯೊಳಗೆ ಗಾಳಿ ಆಡಲೆಂದು ಇಡುವ ಅಂಗೈಯಗಲದ ಫ್ಯಾನುಗಳು, ಅವುಗಳ ಸುತ್ತ ಬೆಳಕಿನ ಬಳೆ. ಅಂಗಡಿಯಲ್ಲಿ ಅವಳು ಇಂಥವನ್ನು ರಾಶಿ ರಾಶಿ ಮಾರಿದ್ದಳು. ಕೊಳ್ಳುವವರನ್ನು ಕಂಡರೆ ಅವಳಿಗೆ ಹಾಸ್ಯ. "ಒಳಗೆ ಏನಿದೆ ಅಂತ ಒಬ್ರೂ ಕೇಳಲ್ಲಪ್ಪ, ಎಷ್ಟು ಹೊಳೆಯುತ್ತೆ ಅಂತ ಕೇಳ್ತಾರೆ. ತಗೊಂಡು ಹೋಗಿ ಒಂದು ಬಣ್ಣಾನೂ ನಿಲ್ಲಿಸಲ್ಲ, ಇರೋ ಬಣ್ಣ ಎಲ್ಲ ಗರಗರ ಸುತ್ತೋಕೆ ಬಿಡ್ತಾರೆ. ಮನೇಲಿ ಐಸ್‌ಕ್ರೀಮ್ ಗಾಡಿ ನಿಲ್ಲಿಸ್ಕೊಂಡ ಹಾಗೆ."

ಸ್ಕ್ರೂ ಬಂದು ಜೋಡಿಸಿಕೊಡುತ್ತೇನೆ ಎಂದ. ಅವಳು ಒಪ್ಪಲಿಲ್ಲ. ಅವನಿಲ್ಲದ ಹೊತ್ತಿನಲ್ಲಿ ಬಿಚ್ಚಿ ಒರೆಸಬೇಕಾದವರು ಅಪ್ಪ, ಅವರ ಕೈಗೇ ಅದು ಗೊತ್ತಿರಬೇಕು ಅಂದಳು. ಹಾಗಾಗಿ ಆ ಬೆಳಿಗ್ಗೆ ಮಾಸ್ಟರು ನೆಲದ ಮೇಲೆ ಕೂತರು, ಮಗಳನ್ನು ದಿಂಬುಗಳಿಗೆ ಒರಗಿಸಿ ಎದುರಿಗೆ ಕೂರಿಸಿಕೊಂಡರು.

"ಫ್ಯಾನಿನ ಪಕ್ಕದಲ್ಲಿ ಒಂದು ಬಾಣದ ಗುರುತು ಇರುತ್ತೆ. ಗಾಳಿ ಆ ಕಡೆ ಹೋಗುತ್ತೆ. ಮುಂದಿನ ಮೂರೂ ಒಳಗೆ ಎಳೀಬೇಕು, ಹಿಂದಿನದು ಹೊರಗೆ ತಳ್ಳಬೇಕು."

"ಅಂದ್ರೆ ಮೂಗು ಮುಂದೆ..."

"ಅಂದ್ಕೋಬೇಡ ಅಪ್ಪ, ಬಾಣ ನೋಡು."

ಅವರು ಬಾಣ ನೋಡಿ ಇಟ್ಟರು. ಸ್ಕ್ರೂ ಬಿಗಿ ಮಾಡುವಾಗ ಅವಳು "ಸಾಕು, ಸಾಕು, ಪ್ಲಾಸ್ಟಿಕ್ಕು, ಒಡೆಯುತ್ತೆ" ಎಂದು ಕೂಗಿದಳು. ಪ್ರತಿ ಫ್ಯಾನಿಗೂ ಎರಡೆರಡು ವೈರು: ಒಂದು ತಿರುಗುವುದಕ್ಕೆ, ಇನ್ನೊಂದು ಬಣ್ಣಕ್ಕೆ. ಬಣ್ಣದ್ದಕ್ಕೆ ಮೂರು ಕಡ್ಡಿ. ಮದರ್‌ಬೋರ್ಡಿನಲ್ಲಿ ಅದನ್ನೇ ಹೋಲುವ ನಾಲ್ಕು ಕಡ್ಡಿಯ ಇನ್ನೊಂದು ಬಾಯಿ ಇತ್ತು.

"ಅದ್ರ ಹತ್ರ ಹೋಗ್ಬೇಡ. ಅದು ಹನ್ನೆರಡು ವೋಲ್ಟು, ಇದು ಐದು. ಬಲವಂತವಾಗಿ ತುರುಕಿದ್ರೆ ಫ್ಯಾನು ತಿರುಗುತ್ತೆ, ಬಣ್ಣ ಸುಟ್ಟು ಹೋಗುತ್ತೆ. ಆಮೇಲೆ ನಾನು ಮೂಗಿ."

ಮಾಸ್ಟರ ಕೈ ನಿಂತಿತು. ಅಕ್ಷರ ಓದಲು ಬಾರದು, ಎಲ್ಲ ವೈರೂ ಕಪ್ಪು. ಅವರು ಎದ್ದು ಹೋಗಿ ನೂಲಿನ ಡಬ್ಬ ತಂದರು. ಮುಂದಿನ ಫ್ಯಾನುಗಳ ವೈರಿಗೆ ಕೆಂಪು ನೂಲು, ಹಿಂದಿನದಕ್ಕೆ ಹಸಿರು, ಬಣ್ಣದ ವೈರುಗಳಿಗೆ ಹಳದಿ. ಪ್ರತಿ ವೈರು ಹೋಗಿ ಕೂರುವ ಬಾಯಿಯ ಪಕ್ಕದಲ್ಲೂ ಅದೇ ನೂಲಿನ ತುಂಡನ್ನು ಗಂಟು ಹಾಕಿದರು. ಗುಂಡಿ ಹಚ್ಚಿ ಕಡೆಯಲ್ಲಿ ಹಾಕುವ ಗಂಟು, ಎಳೆದರೂ ಬಿಚ್ಚದು. ತುದಿಯನ್ನು ಫ್ಯಾನಿನ ರೆಕ್ಕೆಗೆ ಸಿಗದಷ್ಟು ಗಿಡ್ಡ ಮಾಡಿ ಕತ್ತರಿಸಿದರು.

ಮಗಳು ನೋಡುತ್ತಾ ಇದ್ದಳು. "ಅಂಗಡಿ ಇಟ್ಟು ಇಷ್ಟು ವರ್ಷ ಆಯ್ತು, ನಂಗೆ ಇದು ಹೊಳೀಲಿಲ್ಲ" ಅಂದಳು. ಒಳಗೆ ಕೆಲಸಕ್ಕೆ ಬಾರದ ಒಂದೆರಡು ವೈರು ಜೋತಾಡುತ್ತಿದ್ದವು. ಅವೇನು ಎಂದು ಮಾಸ್ಟರು ಕೇಳಿದರು.

"ಎಲ್ಲ ಡಬ್ಬದಲ್ಲೂ ಇರುತ್ತೆ. ನಮ್ಗೆ ಬೇಕಾಗಿಲ್ಲ. ನೂಲಿಲ್ಲದ ವೈರು ನಮ್ದಲ್ಲ ಅಪ್ಪ, ಮುಟ್ಬೇಡ."

ಆ ಮಾತನ್ನು ಮಾಸ್ಟರು ಮನಸ್ಸಿಗೆ ಗಂಟು ಹಾಕಿಕೊಂಡರು.

ಬಣ್ಣ ನಡೆಸುವ ಪ್ರೋಗ್ರಾಮನ್ನು ಅವಳು ಬಾಯಲ್ಲಿ ಹೇಳುತ್ತಾ ಸ್ಕ್ರೂನಿಂದ ಮಾಡಿಸಿದಳು. ಸ್ಕ್ರೀನಿನ ಮೇಲೆ ಐದು ಚೌಕ, ಒಂದಾದ ಮೇಲೆ ಒಂದು ಬೆಳಗುತ್ತಾ ಹೋಗುವುದು. ಬೇಕಾದ ಚೌಕ ಬೆಳಗಿದಾಗ ಅವಳು ಹೆಬ್ಬೆರಳಿನಡಿಯ ಮೆತ್ತನೆಯ ಗುಂಡಿ ಒತ್ತಬೇಕು. ಆಗ ಇಡೀ ಸ್ಕ್ರೀನೂ, ಫ್ಯಾನುಗಳೂ ಆ ಬಣ್ಣಕ್ಕೆ ತಿರುಗಿ ಅಲ್ಲೇ ನಿಲ್ಲುವುವು. ಮತ್ತೆ ಒತ್ತಿದರೆ ಚೌಕಗಳು ತಿರುಗಿ ಬರುವುವು. ನೀಲಿ ಅಂದರೆ ಏನೂ ಬೇಡ, ಹಾಯಾಗಿದ್ದೇನೆ. ಹಸಿರು ಅಂದರೆ ಮಗ್ಗುಲು ಬದಲಿಸು. ಹಳದಿ, ಬಾಯಾರಿಕೆ. ಬಿಳಿ, ಸುಮ್ಮನೆ ಬಂದು ಕೂತ್ಕೋ. ಕೆಂಪು ಅಂದರೆ ಉಸಿರು ಕಟ್ಟಿದೆ, ಓಡಿ ಬಾ. ಕಫ ಎಳೆಯುವ ಸಣ್ಣ ಮಿಷನ್ನು ಮಂಚದ ಪಕ್ಕದಲ್ಲೇ ಇರುತ್ತಿತ್ತು. ಅದನ್ನು ಹಿಡಿಯುವುದನ್ನು ದಿನಾ ಒಂದು ಹೊತ್ತು ಬಂದು ನೋಡಿಹೋಗುವ ನರ್ಸಮ್ಮ ಮಾಸ್ಟರಿಗೆ ಕಲಿಸಿದ್ದಳು.

ಕ್ಯಾಬಿನೆಟ್ಟನ್ನು ಅವಳ ತಲೆಯ ಹಿಂದೆ, ಬಾಗಿಲ ಪಕ್ಕದ ಎತ್ತರದ ಸ್ಟೂಲಿನ ಮೇಲೆ ಇಟ್ಟರು. ಹಜಾರದಲ್ಲಿ ಮಿಷನ್ನಿನ ಮುಂದೆ ಕೂತವರಿಗೆ ಅದು ನೇರ ಕಾಣಬೇಕು. ಮಗಳಿಗೆ ಕಾಣುತ್ತಿದ್ದದ್ದು ಎದುರಿನ ಸ್ಕ್ರೀನು ಮಾತ್ರ.

"ನಿಂಗೂ ಕಾಣೋ ಹಾಗೆ ತಿರುಗಿಸ್ಲಾ?"

"ಬೇಡ. ಬೆಳಕು ನಿಂಗೆ, ನಂಗಲ್ಲ. ನಾನು ಒತ್ತಿದ್ರೆ ನೀನು ನೋಡಿರ್ತೀಯ, ಅಷ್ಟು ಸಾಕು ನಂಗೆ."

ನಾಲಿಗೆ ನಿಂತದ್ದು ಬೇಸಿಗೆಯ ಬಿಸಿಲು ಏರಿದ ಮೇಲೆ. ಕೊನೆಕೊನೆಗೆ ರೆಪ್ಪೆಯೂ ಹೇಳಿದ ಮಾತು ಕೇಳುತ್ತಿರಲಿಲ್ಲ, ಒಮ್ಮೊಮ್ಮೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಉಳಿದದ್ದು ಒಂದು ಹೆಬ್ಬೆರಳು. ಆದರೂ ಆ ಮನೆಯಲ್ಲಿ ಮಾತುಕತೆ ನಿಲ್ಲಲಿಲ್ಲ. ಮಾಸ್ಟರು ಹೊಲಿಯುತ್ತಾ ಹೊಲಿಯುತ್ತಾ ಕಣ್ಣೆತ್ತುವರು. ನೀಲಿ ಇದ್ದರೆ ಕಾಲು ಮತ್ತೆ ಪೆಡಲಿನ ಮೇಲೆ. ಹಸಿರಾದರೆ ಎದ್ದು ಹೋಗಿ ಮಗ್ಗುಲು ತಿರುಗಿಸುವರು. ಹಳದಿ ಕಂಡರೆ ಚಮಚದಲ್ಲಿ ತೊಟ್ಟು ತೊಟ್ಟು ನೀರು. ಹೆಚ್ಚು ಬರುತ್ತಿದ್ದದ್ದು ಬಿಳಿ. ಬಿಳಿ ಬಂದಾಗ ಅವರು ಕೈಯ ಬಟ್ಟೆಯನ್ನು ಹಿಡಿದುಕೊಂಡೇ ಒಳಗೆ ಹೋಗಿ, ಅವಳ ಕಾಲ ಹತ್ತಿರ ಕೂತು ಕೈಹೊಲಿಗೆ ಹಾಕುವರು. ಮೂರನೇ ಮಹಡಿಯವನ ಪ್ಯಾಂಟು ಮತ್ತೆ ಸೊಂಟಕ್ಕೆ ಬಿಗಿಯಾಗಿರುವುದನ್ನು, ಎದುರು ಮನೆಯಾಕೆ ಗಂಡನ ಅಂಗಿಯನ್ನು ತನ್ನ ಅಳತೆಗೆ ಮಾಡಿಸಿಕೊಂಡದ್ದನ್ನು ಹೇಳುವರು. ಎದ್ದು ಹೊರಟರೆ ಫ್ಯಾನು ಮತ್ತೆ ಬೆಳ್ಳಗೆ. "ಏನೇ ಇದು, ನಿಂಗೆ ಕೆಲಸ ಇಲ್ಲ, ನಂಗೂ ಇಲ್ವಾ?" ಎಂದು ಗದರಿಕೊಂಡು ಮತ್ತೆ ಕೂರುವರು.

ಕೆಂಪು ಎರಡು ಸಲ ಬಂತು. ಎರಡು ಸಲವೂ ಮಾಸ್ಟರು ತಾವು ಕೂತ ಸ್ಟೂಲು ಉರುಳಿಸಿಕೊಂಡು ಓಡಿದರು. ಎರಡು ಸಲವೂ ಕಫ ಎಳೆದ ಮೇಲೆ ಅವಳ ಮುಖಕ್ಕೆ ಬಣ್ಣ ಬಂತು, ಫ್ಯಾನಿಗೆ ನೀಲಿ ಬಂತು. ಆಮೇಲೆ ಅವರ ಕೈ ಸಂಜೆಯವರೆಗೂ ಸೂಜಿ ಹಿಡಿಯಲಿಲ್ಲ.

ಬಣ್ಣದ ವೈರುಗಳೆಲ್ಲ ಬಂದು ಸೇರುವ ಸಣ್ಣ ಡಬ್ಬವೊಂದು ಕ್ಯಾಬಿನೆಟ್ಟಿನೊಳಗಿತ್ತು. ಹಬ್ ಅನ್ನುತ್ತಿದ್ದರು ಅದಕ್ಕೆ. ಸೆಕೆಗೋ ಏನೋ ಅದು ಕೆಟ್ಟು ಎರಡು ಫ್ಯಾನು ಬಣ್ಣ ಬಿಟ್ಟವು. ಸ್ಕ್ರೂ ಅಂಗಡಿ ಬಾಗಿಲು ಹಾಕಿ ಬಂದು ಹೊಸದೊಂದನ್ನು ಕೂರಿಸಿದ. ಹಳೆಯ ನೂಲಿನ ವೈರುಗಳೆಲ್ಲ ಅದಕ್ಕೇ ಬಂದು ಕೂತವು. ಆದರೆ ಹೊಸ ಹಬ್ಬಿನಿಂದ ಮದರ್‌ಬೋರ್ಡಿಗೆ ಹೋಗುವ ಸಣ್ಣದೊಂದು ವೈರು ಹೊಸದು, ಅದು ಕೂತ ಬಾಯಿಯೂ ಬೇರೆ. ಮಾಸ್ಟರು ನೂಲಿನ ಡಬ್ಬಕ್ಕೆ ಕೈ ಹಾಕಿದರು.

"ಇದಕ್ಕೊಂದು ಹಳದಿ ಕಟ್ಲಾ?"

"ಅಯ್ಯೋ ಬಿಡಿ ಮಾಸ್ಟ್ರೇ, ಅದನ್ನ ನೀವು ಯಾವತ್ತೂ ಕೀಳೋದೇ ಇಲ್ಲ. ಒಳಗೆ ಕೈ ಹೋಗಲ್ಲ, ಆಮೇಲೆ ನಿಮ್ಮ ಕೈನೂ ಒಳಗೇ ಸೇರಿಸಿ ಹೊಲಿದುಬಿಡ್ತೀರಿ."

"ನಿನ್ನ ಸ್ಕ್ರೂ ಎಲ್ಲ ಕೂತ್ವಾ, ಮೊದ್ಲು ನೋಡ್ಕೊ."

ಅವನು ಜೇಬು ತಡವಿದ. ಒಂದು ಸ್ಕ್ರೂ ಸಿಕ್ಕಿತು. ಮಾಸ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದನ್ನೂ ಕೂರಿಸಿ ಆನ್ ಮಾಡಿದಾಗ ಅವಳು ಮೊದಲು ಒತ್ತಿದ್ದು ಬಿಳಿ. ಅವಳಿಗೂ ನಗಬೇಕಿತ್ತು ಅಂತ ಇಬ್ಬರಿಗೂ ಗೊತ್ತಾಯಿತು. ಹೊರಡುವಾಗ ಸ್ಕ್ರೂ ಹೇಳಿದ: "ಆನ್ ಮಾಡಿದಾಗ ಸ್ವಲ್ಪ ಹೊತ್ತು ಎಲ್ಲ ಬಣ್ಣ ಸುತ್ತುತ್ತೆ. ಹಳೇದಕ್ಕಿಂತ ಇದು ನಿಧಾನ. ಗಾಬರಿ ಆಗ್ಬೇಡಿ, ತಾನೇ ನಿಲ್ಲುತ್ತೆ."

ನೂಲು ಕಟ್ಟುವ ಮಾತು ಅಲ್ಲಿಗೇ ಮರೆತುಹೋಯಿತು.

ಕೆಲವು ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ ಫ್ಯಾನುಗಳ ರೆಕ್ಕೆಯ ಮೇಲೆ ಬೂದಿಯಂಥ ಧೂಳು ಕೂತದ್ದು ಮಾಸ್ಟರ ಕಣ್ಣಿಗೆ ಬಿತ್ತು. ಬಟ್ಟೆಯ ನುಣ್ಣನೆಯ ಧೂಳು, ಅವರ ಹೊಲಿಗೆಯದೇ. ಬಣ್ಣ ಮಂಕಾದರೆ ಕಾಣುವುದು ಹೇಗೆ? ಮಗಳ ಎದುರಿಗೆ ಹೋಗಿ, "ಗಲೀಜಾಗಿದೆ ಮರಿ, ಒರೆಸಿಬಿಡ್ತೀನಿ. ಆಫ್ ಮಾಡ್ಲಾ?" ಎಂದರು. ಅವಳ ಕಣ್ಣು ಮುಚ್ಚಿ ತೆರೆಯಿತು. ಒಪ್ಪಿಗೆಯೋ, ರೆಪ್ಪೆ ಸೋತದ್ದೋ. ಒಪ್ಪಿಗೆ ಎಂದುಕೊಂಡರು.

ಹಾಸಿದ ಬೆಡ್‌ಶೀಟು ಅದೇ. ಕಲಿಸಿದ ಹಾಗೆ ರೆಕ್ಕೆಯನ್ನು ಬೆರಳಲ್ಲಿ ಹಿಡಿದು, ತಿರುಗದಂತೆ ಬ್ರಷ್ಷಿನಿಂದ ಒರೆಸಿದರು. ಹಿಂದಿನ ಫ್ಯಾನನ್ನು ಬಿಡಿಸಿಕೊಳ್ಳುವಾಗ ಒಳಗೆ ಎಲ್ಲೋ ಏನೋ ಮೆಲ್ಲಗೆ ಕಳಚಿದ ಹಾಗಾಯಿತು. ಬಗ್ಗಿ ನೋಡಿದರು. ಸಣ್ಣ ಕಪ್ಪು ವೈರೊಂದು ಜೋತಾಡುತ್ತಿತ್ತು. ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿದರು. ನೂಲಿರಲಿಲ್ಲ. ಉಳಿದ ಬೇಡದ ವೈರುಗಳ ಜೊತೆ ಅದನ್ನೂ ಒತ್ತಟ್ಟಿಗೆ ಸರಿಸಿದರು. ಕೆಂಪು ಕೆಂಪಿಗೆ, ಹಸಿರು ಹಸಿರಿಗೆ, ಹಳದಿ ಹಳದಿಗೆ ಕೂರಿಸಿದರು. ಒಂದು ಗಂಟೂ ಉಳಿಯಲಿಲ್ಲ. ಜೇಬಲ್ಲಿ ಸ್ಕ್ರೂ ಕೂಡ ಉಳಿಯಲಿಲ್ಲ. ಅವನು ಬಂದಾಗ ಇದನ್ನು ಹೇಳಿ ಅವನ ಮುಖ ನೋಡಬೇಕು ಎಂದುಕೊಂಡರು.

ಆನ್ ಮಾಡಿದರು. ಫ್ಯಾನುಗಳು ತಿರುಗಿದವು, ಬಣ್ಣಗಳು ಸುತ್ತತೊಡಗಿದವು. ಮಾಸ್ಟರು ಮಂಚದ ಆಚೆ ಹೋಗಿ ಸ್ಕ್ರೀನಿನಲ್ಲಿ ಐದು ಚೌಕ ಬರುವ ತನಕ ಕಾದರು. ಗುಂಡಿಯನ್ನು ಹೆಬ್ಬೆರಳಿನ ಕೆಳಗೆ ಸರಿಯಾಗಿ ಇಟ್ಟರು. ಅವಳು ಒತ್ತಿದಳು. ಸ್ಕ್ರೀನು ನೀಲಿಯಾಯಿತು. ಅವಳ ಹಣೆ ಸವರಿ ಹಜಾರಕ್ಕೆ ಬಂದರು. ಬರುವಾಗ ನೋಡಿದರೆ ಫ್ಯಾನುಗಳಲ್ಲಿ ಇನ್ನೂ ಬಣ್ಣ ಸುತ್ತುತ್ತಿತ್ತು. ಹೊಸ ಡಬ್ಬ, ನಿಧಾನ, ತಾನೇ ನಿಲ್ಲುತ್ತದೆ.

ಒಂದು ಕೋಟಿನ ಅಸ್ತರು ಬದಲಿಸುವ ಕೆಲಸವಿತ್ತು. ಕೂತರು. ಕಣ್ಣೆತ್ತಿದಾಗ ಫ್ಯಾನು ಕೆಂಪಗಿತ್ತು. ಎದ್ದು ನಿಂತರು. ಅಷ್ಟರಲ್ಲಿ ಕೆಂಪು ಹೋಗಿ ಹಳದಿ, ಹಳದಿ ಹೋಗಿ ಹಸಿರು. ಕೂತರು. ಮತ್ತೆ ಸ್ವಲ್ಪ ಹೊಲಿದು ಕಣ್ಣೆತ್ತಿದರು. ನೇರಳೆ. ನೇರಳೆಗೆ ಅವರಿಬ್ಬರಲ್ಲಿ ಅರ್ಥವೇ ಇರಲಿಲ್ಲ. ಮತ್ತೆ ಕೆಂಪು ಬಂತು, ಹೋಯಿತು. ಒಮ್ಮೆ ಎದ್ದು ಬಾಗಿಲ ತನಕ ಹೋದರು. ಅಲ್ಲಿಂದ ಕಾಣುವುದು ಮಂಚದ ತಲೆಹಲಗೆ, ಅದರ ಮೇಲೆ ಅವಳ ಕೂದಲು. ಅವರ ಕಿವಿಗೆ ಏನೂ ಬೀಳಲಿಲ್ಲ.

"ನೋಡೇ ಮರಿ, ಐಸ್‌ಕ್ರೀಮ್ ಗಾಡಿ ಬಂದಿದೆ ನಮ್ಮನೆಗೆ" ಎಂದರು. "ತಡಿ, ಆ ಸ್ಕ್ರೂಗೆ ಫೋನ್ ಮಾಡ್ತೀನಿ, ಇದೊಂದು ತೋಳು ಮುಗಿಸಿ."

ತಿರುಗಿ ಬಂದು ತೋಳಿಗೆ ಕೈ ಹಾಕಿದರು.

ನರ್ಸಮ್ಮ ದಿನಾ ಬರುವ ಹೊತ್ತಿಗೇ ಬಂದಳು. "ಏನ್ ಮಾಸ್ಟ್ರೇ, ಇವತ್ತು ದೀಪಾಲಂಕಾರ ಜೋರಾಗಿದೆ" ಎನ್ನುತ್ತಾ ಒಳಗೆ ಹೋದಳು. ಮರುಕ್ಷಣ ಅವಳು ಕೂಗಿದ್ದು ಮಾಸ್ಟರ ಆ ಕಿವಿಗೂ ಕೇಳಿಸಿತು.

ಅವರು ಮಂಚದ ಆಚೆ ಹೋಗಿ ನಿಂತಾಗ ಮೊದಲು ಕಂಡದ್ದು ಮಗಳ ಮುಖವಲ್ಲ, ಸ್ಕ್ರೀನು. ಅಂಚಿನಿಂದ ಅಂಚಿಗೆ ಕೆಂಪು. ಅಲುಗದೆ, ಸುತ್ತದೆ, ನಿಂತ ಕೆಂಪು. ಹೆಬ್ಬೆರಳು ಗುಂಡಿಯ ಮೇಲೇ ಇತ್ತು.

"ಹಿಂಗೆ ಸ್ಕ್ರೀನೆಲ್ಲ ಕೆಂಪು ಮಾಡ್ಕೊಂಡು ಕರೀತಿದಾಳಲ್ಲ, ನೀವೇನ್ ಮಾಡ್ತಾ ಕೂತಿದ್ರಿ?" ಎಂದಳು ನರ್ಸಮ್ಮ, ಕಫ ಎಳೆಯುವ ನಳಿಗೆ ಹಿಡಿದು, ಅವರ ಕಡೆ ನೋಡದೆ. ಮಾಸ್ಟರು ಬಾಗಿಲ ಪಕ್ಕದ ಸ್ಟೂಲಿನತ್ತ ಕೈ ತೋರಿಸಿದರು. ಅಲ್ಲಿ ಹಸಿರು, ತಿಳಿನೀಲಿ, ನೀಲಿ, ನೇರಳೆ, ಏನೂ ಆಗಿಲ್ಲವೆನ್ನುವ ಹಾಗೆ.

ಆಸ್ಪತ್ರೆಯಲ್ಲಿ ಅವಳಿಗೆ ಉಸಿರಿನ ಮಿಷನ್ನು ಹಾಕಿದರು. ಕಣ್ಣು ಅರ್ಧ ತೆರೆದಿತ್ತು. ಒಳಗೆ ಇದ್ದಾಳೋ ಇಲ್ಲವೋ ಹೇಳಲಾಗದು ಎಂದರು ಡಾಕ್ಟರು. ಸ್ಕ್ರೂ ಮನೆಗೆ ಹೋಗಿ ಕ್ಯಾಬಿನೆಟ್ಟು ಬಿಚ್ಚಿ ನೋಡಿಕೊಂಡು ಬಂದ. ಬಂದವನು ಬೆಂಚಿನ ತುದಿಯಲ್ಲಿ ಕೂತ.

"ಆ ಸಣ್ಣ ವೈರು, ಮಾಸ್ಟ್ರೇ. ಅದು ಬಿಟ್ಟು ಹೋಗಿತ್ತು. ಅದಿಲ್ದಿದ್ರೆ ಕಂಪ್ಯೂಟರ್ ಹೇಳಿದ್ದು ಹಬ್‌ಗೆ ಕೇಳ್ಸಲ್ಲ. ಕೇಳಿಸದೆ ಹೋದ್ರೆ ಅದು ತನ್ನ ಪಾಡಿಗೆ ಬಣ್ಣ ಸುತ್ತಿಸ್ತಾ ಇರುತ್ತೆ. ನಾನು ನಿಮ್ಗೆ ಹೇಳ್ಬೇಕಿತ್ತು."

"ಅದಕ್ಕೆ ನೂಲಿರಲಿಲ್ಲ" ಎಂದರು ಮಾಸ್ಟರು.

"ಕಟ್ತೀನಿ ಅಂದ್ರಿ ನೀವು. ನಾನೇ ಬೇಡ ಅಂದೆ." ಅವನ ದೊಡ್ಡ ಮೈ ಅಲುಗತೊಡಗಿತು. ಮಾಸ್ಟರು ಅವನ ಬೆನ್ನ ಮೇಲೆ ಕೈ ಇಟ್ಟರು. ಸಮಾಧಾನ ಹೇಳುವುದಕ್ಕಲ್ಲ. ಕೈ ಇಡಲು ಬೇರೆ ಜಾಗವಿರಲಿಲ್ಲ.

ಯಾರದು ತಪ್ಪು ಅನ್ನುವುದು ಅವರನ್ನು ತಿನ್ನಲಿಲ್ಲ. ತಿಂದದ್ದು ಬೇರೆ. ಅವಳಿಗೆ ಫ್ಯಾನು ಕಾಣುತ್ತಿರಲಿಲ್ಲ. ಸ್ಕ್ರೀನು ಕೆಂಪಗಾಗಿತ್ತು. ಅವಳ ಪಾಲಿಗೆ ಅವಳು ಕರೆದಿದ್ದಳು, ಅಪ್ಪ ನೋಡಿದ್ದ. ನೋಡಿ ಬಾಗಿಲ ತನಕ ಬಂದ, ಐಸ್‌ಕ್ರೀಮ್ ಗಾಡಿ ಎಂದು ನಗೆಯಾಡಿದ, ತೋಳು ಮುಗಿಸಿ ಬರುತ್ತೇನೆ ಎಂದು ಹೋದ. ಅವರು ಬಾಗಿಲಲ್ಲಿ ನಿಂತಾಗ ಕೆಂಪು ಬಂದಾಗಿತ್ತೋ, ಆಮೇಲೆ ಬಂತೋ? ಅದನ್ನು ಹೇಳಬಲ್ಲವಳು ಅವಳೊಬ್ಬಳೇ.

ಅವರು ಮಂಚದ ಪಕ್ಕದಲ್ಲಿ ಬಗ್ಗಿ ಅವಳ ಕಿವಿಯಲ್ಲಿ ಹೇಳಿದರು. "ನಂಗೆ ಕಾಣ್ಲಿಲ್ಲ ಮರಿ. ವೈರು ಬಿಟ್ಟಿತ್ತು. ನೀನು ಕರೆದದ್ದು ನಂಗೆ ಗೊತ್ತೇ ಆಗ್ಲಿಲ್ಲ." ಹೇಳಿದ ಮೇಲೆ ಇನ್ನೊಂದು ಹೊಳೆದು ನಾಲಿಗೆ ಕಚ್ಚಿಕೊಂಡರು. ಅವಳಿಗೆ ಜೀವಮಾನದಲ್ಲಿ ಇದ್ದ ಭಯ ಅದೊಂದೇ. ಅದನ್ನೇ ಈಗ ಕಿವಿಯಲ್ಲಿ ಹೇಳಿದ್ದರು. ನೋಡಿಯೂ ಬಾರದ ಅಪ್ಪನೋ, ಕರೆದರೂ ತಿಳಿಯದ ಅಪ್ಪನೋ. ಎರಡರಲ್ಲಿ ಯಾವುದನ್ನು ಅವಳ ಪಾಲಿಗೆ ಬಿಡುವುದು? ಆದರೂ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರು. ಅವರಿಗೆ ಬೇರೇನೂ ಗೊತ್ತಿರಲಿಲ್ಲ.

ಅವಳ ಕೈ ಅವರ ಅಂಗೈಯಲ್ಲಿತ್ತು. ಹೆಬ್ಬೆರಳು ಒಮ್ಮೆ ಒತ್ತಿತು. ಸುಳ್ಳಲ್ಲ, ಒತ್ತಿತು. ಸೂಜಿಯ ಮೊನೆ ತಾಗಿದರೂ ತಿಳಿಯುವ ಕೈ ಅವರದು. ಆದರೆ ಎದುರಿಗೆ ಚೌಕಗಳಿರಲಿಲ್ಲ, ಯಾವುದೂ ಬೆಳಗಿ ಆರುತ್ತಿರಲಿಲ್ಲ. ನೀಲಿಯ ಮೇಲೆ ಒತ್ತಿದಳೋ, ಬಿಳಿಯ ಮೇಲೋ, ಇನ್ನೂ ಆ ಕೆಂಪನ್ನೇ ಒತ್ತುತ್ತಿದ್ದಳೋ, ಹೇಳಲು ಏನೂ ಇರಲಿಲ್ಲ. "ಯಾವ್ದು ಮರಿ?" ಎಂದು ಕೇಳಿದರು. "ಯಾವ್ದು ಒತ್ತಿದೆ?" ಬೆರಳು ಮತ್ತೆ ಅಲುಗಲಿಲ್ಲ.

ಮಗಳು ಹೋದಳು, ಗುರುವಾರ, ಮಧ್ಯಾಹ್ನ.